ಪೆನ್ಸಿಲ್ ಒಗಟುಗಳ ವಿಳಾಸ



ಬೆಳಗಿನ ಪೇಪರ್ ಬಾಗಿಲಿಗೆ ಬಿದ್ದ ಕೂಡಲೇ ಸುದ್ದಿ ಬಿಟ್ಟು ಮೊದಲು ಸುಡೊಕು ಪುಟ ತೆಗೆಯುವವರು ನಿಮ್ಮಲ್ಲಿ ಎಷ್ಟೋ ಜನ ಇರುತ್ತೀರಿ. ನಾನೂ ಅದೇ ಪಂಗಡದವನು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದೆ. ಈಗ ಕಾಫಿ ಲೋಟದ ಪಕ್ಕದಲ್ಲಿ ಒಂದು ಪೆನ್ಸಿಲು, ಒಂದು ರಬ್ಬರು ಇಲ್ಲದೆ ನನಗೆ ಬೆಳಗಾಗುವುದಿಲ್ಲ. ಇವತ್ತು ಸುಡೊಕುವಿನ ಬಗ್ಗೆ ಸ್ವಲ್ಪ, ಅದರ ಒಡಹುಟ್ಟಿದ ಬೇರೆ ಜಪಾನಿ ಒಗಟುಗಳ ಬಗ್ಗೆ ಹೆಚ್ಚು ಹೇಳುತ್ತೇನೆ. ಅವು ಎಲ್ಲಿ ಸಿಗುತ್ತವೆ, ಸಿಕ್ಕವುಗಳಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ ಎಂಬುದೇ ಮುಖ್ಯ ವಿಷಯ. ಹತ್ತಿರ ಒಂದು ಕಾಗದ, ಒಂದು ಪೆನ್ಸಿಲ್ ಇಟ್ಟುಕೊಂಡಿರಿ. ಮಾತಿನ ನಡುವೆ ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮಗಳು ಕಂಪನಿ ಕೆಲಸದ ಮೇಲೆ ಟೋಕಿಯೊಗೆ ಹೋಗಿದ್ದಳು. ಹೊರಡುವ ಮುಂಚೆ ಫೋನ್ ಮಾಡಿ, "ದೊಡ್ಡಪ್ಪ, ನಿಮಗೇನು ತರ್ಲಿ?" ಎಂದು ಕೇಳಿದಳು. "ಅಲ್ಲಿಯ ಸುಡೊಕು ಪುಸ್ತಕ ಸಿಕ್ಕರೆ ಒಂದು ತಾರಮ್ಮ" ಎಂದೆ. ತಂದಳು. ಅಂಗಿ ಜೇಬಿಗೆ ತುಸು ದೊಡ್ಡದಾಗುವ ತೆಳ್ಳನೆಯ ಪುಸ್ತಕ. ತೆರೆದು ನೋಡಿದರೆ ಅದು ಸುಡೊಕು ಅಲ್ಲವೇ ಅಲ್ಲ! ಪುಟದ ತುಂಬ ಸಾಲಾಗಿ ಚುಕ್ಕಿಗಳು, ಚುಕ್ಕಿಗಳ ನಡುವೆ ಅಲ್ಲೊಂದು ಇಲ್ಲೊಂದು 0, 1, 2, 3 ಎಂಬ ಅಂಕಿಗಳು. ಜಪಾನಿ ಓದಲು ಬಾರದ ಹುಡುಗಿ ಒಗಟಿನ ಕಪಾಟಿನಿಂದ ಯಾವುದೋ ಒಂದನ್ನು ಎತ್ತಿಕೊಂಡು ಬಂದಿದ್ದಳು. "ಅಯ್ಯೋ, ತಪ್ಪು ಪುಸ್ತಕ ತಂದುಬಿಟ್ಟೆ ದೊಡ್ಡಪ್ಪ" ಎಂದು ಪೇಚಾಡಿಕೊಂಡಳು. ಆ ತಪ್ಪಿಗೆ ನಾನು ಅವಳಿಗೆ ಇವತ್ತಿಗೂ ಋಣಿ.

ಒಂದು ಅಕ್ಷರವೂ ಓದಲು ಬಾರದ ಪುಸ್ತಕವನ್ನು ಏನು ಮಾಡುವುದು? ಕೊನೆಯ ಪುಟಗಳಲ್ಲಿ ಉತ್ತರಗಳಿದ್ದವು. ಮೊದಲನೆಯ ಒಗಟನ್ನೂ ಅದರ ಉತ್ತರವನ್ನೂ ಹೋಲಿಸಿ ನೋಡಿದೆ. 3 ಎಂದಿರುವ ಮನೆಯ ನಾಲ್ಕು ಬದಿಗಳಲ್ಲಿ ಮೂರಕ್ಕೆ ಗೆರೆ ಎಳೆದಿದೆ. 2 ಇದ್ದಲ್ಲಿ ಎರಡು ಬದಿಗೆ. 0 ಇದ್ದಲ್ಲಿ ಗೆರೆಯೇ ಇಲ್ಲ. ಅಂಕಿ ಇಲ್ಲದ ಮನೆಗೆ ಎಷ್ಟಾದರೂ ಆಗಬಹುದು. ಎಳೆದ ಗೆರೆಗಳೆಲ್ಲ ಸೇರಿ ಒಂದೇ ಗೆರೆ. ಅದು ಎಲ್ಲೂ ಕವಲೊಡೆಯದೆ, ತನ್ನನ್ನು ತಾನು ದಾಟದೆ, ಊರೆಲ್ಲ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. ಅಷ್ಟೇ ನಿಯಮ. ಹತ್ತು ನಿಮಿಷದಲ್ಲಿ ಅರ್ಥವಾಯಿತು. ನಾನು ಪೆನ್ಸಿಲ್ ಹಿಡಿದು ಕೂತಿದ್ದನ್ನು ನೋಡಿ ನನ್ನ ಮನೆಯಾಕೆ, "ಇದೇನ್ರೀ, ಚುಕ್ಕಿ ಇಟ್ಟು ರಂಗೋಲಿ ಹಾಕೋಕೆ ಶುರು ಮಾಡಿದ್ರಾ?" ಎಂದಳು. ಎಷ್ಟು ಸರಿಯಾದ ಮಾತು! ಅಂಗಳದ ಚುಕ್ಕಿ ರಂಗೋಲಿಯಲ್ಲಿ ಎಳೆ ಹೇಗೆ ಹೋಗಬೇಕೆಂದು ಕೈಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಅದನ್ನು ಅಂಕಿಗಳು ಹೇಳುತ್ತವೆ.

ಇದರ ಹೆಸರು ಸ್ಲಿದರ್‌ಲಿಂಕ್. ಹೇಗೆ ಬಿಡಿಸುತ್ತಾರೆಂದು ಒಂದು ಹೆಜ್ಜೆ ತೋರಿಸುತ್ತೇನೆ. ಕಾಗದದ ಮೇಲೆ ಒಂದು ಚೌಕ ಹಾಕಿ. ಇದು ಇಡೀ ಹಂದರದ ಎಡ ಮೇಲ್ಮೂಲೆಯ ಮನೆ ಅಂದುಕೊಳ್ಳಿ. ಒಳಗೆ 3 ಬರೆಯಿರಿ. ನಾಲ್ಕು ಬದಿಗಳಲ್ಲಿ ಮೂರಕ್ಕೆ ಗೆರೆ ಬೀಳಬೇಕು, ಒಂದಕ್ಕೆ ಬೀಳಬಾರದು. ಯಾವುದಕ್ಕೆ? ಆ ತುತ್ತತುದಿಯ ಚುಕ್ಕಿಯನ್ನು ನೋಡಿ. ಅಲ್ಲಿಗೆ ಬರಲು ಇರುವುದು ಎರಡೇ ದಾರಿ, ಮೇಲಿನ ಬದಿ ಮತ್ತು ಎಡ ಬದಿ. ಗೆರೆ ಒಂದು ದಾರಿಯಲ್ಲಿ ಬಂದರೆ ಇನ್ನೊಂದರಲ್ಲಿ ಹೊರಡಲೇಬೇಕು, ಏಕೆಂದರೆ ಗೆರೆ ನಡುವೆ ನಿಲ್ಲುವಂತಿಲ್ಲ. ಆದ್ದರಿಂದ ಆ ಎರಡು ಬದಿಗಳಿಗೆ ಗೆರೆ ಬಿದ್ದರೆ ಎರಡಕ್ಕೂ, ಇಲ್ಲದಿದ್ದರೆ ಎರಡಕ್ಕೂ ಇಲ್ಲ. ಎರಡಕ್ಕೂ ಬಿಟ್ಟರೆ ಮೂರು ಗೆರೆ ಎಲ್ಲಿಂದ ಬಂದೀತು? ಹಾಗಾಗಿ ಎರಡಕ್ಕೂ ಧೈರ್ಯವಾಗಿ ಎಳೆಯಬಹುದು. ಅದೇ ಮೂಲೆಯಲ್ಲಿ 1 ಇದ್ದಿದ್ದರೆ? ಆಗ ಆ ಎರಡೂ ಬದಿ ಖಾಲಿ. ಕಾರಣವನ್ನು ನೀವೇ ಹೇಳಬಲ್ಲಿರಿ. ಎಲ್ಲೂ ಊಹೆ ಮಾಡಲಿಲ್ಲ, ಲೆಕ್ಕ ಕೂಡಲಿಲ್ಲ. 'ಹೀಗಿದ್ದರೆ ಹಾಗಾಗಬೇಕು' ಎಂಬ ಒಂದು ತರ್ಕದ ಮೇಲೆ ಇನ್ನೊಂದನ್ನು ಇಡುತ್ತಾ ಹೋಗುವುದು, ಅಷ್ಟೇ.

ಈ ಒಗಟನ್ನು ಕಟ್ಟಿದವರು ಯಾರು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಹೆಸರು ನಿಕೋಲಿ. ಒಂದು ಮುದ್ರಣ ಕಂಪನಿಯಲ್ಲಿ ಕೆಲಸಕ್ಕಿದ್ದ ಮಾಕಿ ಕಾಜಿ ಎಂಬಾತ ಸ್ನೇಹಿತರನ್ನು ಕಟ್ಟಿಕೊಂಡು 1980ರಲ್ಲಿ ಜಪಾನಿನಲ್ಲಿ ಶುರು ಮಾಡಿದ ಒಗಟಿನ ಪತ್ರಿಕೆ ಅದು. ಆ ವರ್ಷ ಐರ್ಲೆಂಡಿನ ದೊಡ್ಡ ಪಂದ್ಯವೊಂದನ್ನು ಗೆದ್ದ ಕುದುರೆಯ ಹೆಸರನ್ನೇ ಪತ್ರಿಕೆಗೆ ಇಟ್ಟರು. ಕಾಜಿಗೆ ಕುದುರೆ ಪಂದ್ಯ ಎಂದರೆ ಅಷ್ಟು ಪ್ರಾಣ.

ಸುಡೊಕು ಜಪಾನಿನಲ್ಲಿ ಹುಟ್ಟಿದ್ದಲ್ಲ ಎಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದನ್ನು ರಚಿಸಿದವರು ಅಮೆರಿಕದ ಇಂಡಿಯಾನಾ ರಾಜ್ಯದ ಹೋವರ್ಡ್ ಗಾರ್ನ್ಸ್ ಎಂಬ ವಾಸ್ತುಶಿಲ್ಪಿ. 1979ರಲ್ಲಿ ಡೆಲ್ ಎಂಬ ಪ್ರಕಾಶನದ ಒಗಟಿನ ಪತ್ರಿಕೆಯಲ್ಲಿ ಅದು 'ನಂಬರ್ ಪ್ಲೇಸ್' ಎಂಬ ಹೆಸರಿನಲ್ಲಿ ಅಚ್ಚಾಯಿತು. ಕಾಜಿ ಅದನ್ನು ನೋಡಿ ಮೆಚ್ಚಿ, 1984ರಲ್ಲಿ ತಮ್ಮ ಓದುಗರಿಗೆ ಕೊಟ್ಟರು. ಅವರು ಇಟ್ಟ ಹೆಸರು ಒಂದು ಇಡೀ ವಾಕ್ಯ. 'ಅಂಕಿಗಳು ಬ್ರಹ್ಮಚಾರಿಗಳಾಗಿಯೇ ಇರತಕ್ಕದ್ದು' ಎಂದು ಅದರ ಅರ್ಥ. ಆ ವಾಕ್ಯದ ಎರಡು ಅಕ್ಷರ ಹಿಡಿದು ಮೊಟಕು ಮಾಡಿದಾಗ ಸುಡೊಕು ಆಯಿತು. ಕುದುರೆ ಪಂದ್ಯಕ್ಕೆ ಹೊರಡುವ ಅವಸರದಲ್ಲಿ ಆ ಹೆಸರು ಹೊಳೆಯಿತೆಂದು ಕಾಜಿ ತಾವೇ ಹೇಳಿಕೊಂಡಿದ್ದಾರೆ.

ನಿಕೋಲಿ ಬರಿಯ ಹೆಸರು ಬದಲಾಯಿಸಿ ಸುಮ್ಮನಾಗಲಿಲ್ಲ. 1986ರ ಹೊತ್ತಿಗೆ ಎರಡು ಕಟ್ಟಳೆ ತಂದಿತು. ಮೊದಲೇ ತುಂಬಿಕೊಟ್ಟಿರುವ ಅಂಕಿಗಳು 32ನ್ನು ಮೀರಬಾರದು. ಅವು ಕುಳಿತ ಜಾಗಗಳು ಸಮಸಮವಾಗಿರಬೇಕು, ಅಂದರೆ ಪುಸ್ತಕವನ್ನು ತಲೆಕೆಳಗು ಮಾಡಿ ಹಿಡಿದರೂ ತುಂಬಿದ ಮನೆಗಳ ನಕ್ಷೆ ಹಾಗೆಯೇ ಕಾಣಬೇಕು. ಬಿಡಿಸುವವನಿಗೆ ಇದರಿಂದ ಒಂದು ಸುಳುಹೂ ಹೆಚ್ಚಿಗೆ ಸಿಗುವುದಿಲ್ಲ. ಸುಮ್ಮನೆ ಚೆಂದಕ್ಕೆ. ಆದರೆ ಚೆಂದಕ್ಕಾಗಿ ಇಷ್ಟು ಕಷ್ಟ ಪಡುವವನು ಒಳಗಿನ ತರ್ಕದ ದಾರಿಯನ್ನೂ ಅಷ್ಟೇ ಅಕ್ಕರೆಯಿಂದ ಕಟ್ಟಿರುತ್ತಾನೆ.

ನಿಕೋಲಿಯ ಒಗಟುಗಳನ್ನು ಮನುಷ್ಯರು ಕೈಯಾರೆ ಕಟ್ಟುತ್ತಾರೆ. ಅವರಲ್ಲಿ ಬಹಳ ಮಂದಿ ಆ ಪತ್ರಿಕೆಯ ಓದುಗರೇ. ಓದುಗರು ಹೊಸ ಬಗೆಯ ಒಗಟು ಕಳಿಸುತ್ತಾರೆ, ಸಂಪಾದಕರು ಬಿಡಿಸಿ ನೋಡಿ ತಿದ್ದುತ್ತಾರೆ, ಉಳಿದ ಓದುಗರಿಗೆ ಹಿಡಿಸಿದರೆ ಅದು ಬೆಳೆಯುತ್ತದೆ. 1989ರಲ್ಲಿ ಬಂದ ಸ್ಲಿದರ್‌ಲಿಂಕ್ ಕೂಡ ಇಬ್ಬರು ಓದುಗರ ಎರಡು ಬೇರೆ ಬೇರೆ ಯೋಚನೆಗಳನ್ನು ಬೆಸೆದು ಹುಟ್ಟಿದ್ದು. ಹೆಸರುಗಳಲ್ಲೂ ಆ ಕೂಟದ ಸಲಿಗೆ ಕಾಣುತ್ತದೆ. ಒಂದು ಒಗಟಿನ ಹೆಸರು ಹಿತೋರಿ. 'ನನ್ನ ಪಾಡಿಗೆ ನನ್ನನ್ನು ಬಿಡಿ' ಎಂಬ ಮಾತಿನಿಂದ ಬಂದದ್ದು. 1991ರಲ್ಲಿ ಬಂದ ನುರಿಕಾಬೆ ಎಂಬುದಕ್ಕೆ ಒಂದು ದೆವ್ವದ ಹೆಸರು. ನಮ್ಮ ಹಳ್ಳಿಗಳ ಕೊಳ್ಳಿದೆವ್ವ ರಾತ್ರಿ ಹೊತ್ತು ದಾರಿ ತಪ್ಪಿಸುತ್ತದಲ್ಲ, ಜಪಾನಿನ ನುರಿಕಾಬೆ ಕಣ್ಣಿಗೆ ಕಾಣದ ಗೋಡೆಯಾಗಿ ದಾರಿಗೆ ಅಡ್ಡ ನಿಲ್ಲುತ್ತದೆ. ಮುತ್ತುಗಳನ್ನು ಪೋಣಿಸುವ ಒಂದು ಒಗಟಿದೆ. 'ಶಿಂಜು' ಅಂದರೆ ಮುತ್ತು. ಕಾಜಿ ಒಮ್ಮೆ ಆ ಅಕ್ಷರಗಳನ್ನು ತಪ್ಪಾಗಿ 'ಮಶು' ಎಂದು ಓದಿಬಿಟ್ಟರು. ಕಚೇರಿಯವರೆಲ್ಲ ನಕ್ಕರು, ಒಗಟಿಗೆ ಮಶು ಎಂದೇ ಹೆಸರಾಯಿತು.

ಸುಡೊಕು ಲೋಕಕ್ಕೆಲ್ಲ ಹರಡಿದ್ದು ಮಾತ್ರ ಬೇರೆ ದಾರಿಯಿಂದ. ಹಾಂಗ್‌ಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದ ನ್ಯೂಜಿಲೆಂಡಿನ ವೇಯ್ನ್ ಗೌಲ್ಡ್ 1997ರಲ್ಲಿ ಟೋಕಿಯೊದ ಪುಸ್ತಕದಂಗಡಿಯಲ್ಲಿ ಒಂದು ಸುಡೊಕು ಪುಸ್ತಕ ಕಂಡರು. ಅವರಿಗೂ ಜಪಾನಿ ಬರುತ್ತಿರಲಿಲ್ಲ. ಆರು ವರ್ಷ ಕೂತು ಸುಡೊಕು ಹೆಣೆಯುವ ಕಂಪ್ಯೂಟರ್ ಪ್ರೋಗ್ರಾಮ್ ಬರೆದರು. 2004ರ ನವೆಂಬರ್ 12ರಂದು ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಅವರ ಸುಡೊಕು ಅಚ್ಚಾಗತೊಡಗಿತು. ಅಲ್ಲಿಂದ ಕೆಲವೇ ತಿಂಗಳಲ್ಲಿ ಊರೂರಿನ ಪತ್ರಿಕೆಗಳಿಗೆ ಬಂತು. ಗೌಲ್ಡ್ ಇಲ್ಲದಿದ್ದರೆ ನನಗೆ ಸುಡೊಕುವೇ ಗೊತ್ತಾಗುತ್ತಿರಲಿಲ್ಲ, ಆ ಕೃತಜ್ಞತೆ ನನಗಿದೆ. ಆದರೆ ಹೀಗೆ ಬಂದದ್ದರಿಂದ ಒಂದು ನಷ್ಟವೂ ಆಯಿತು. ಒಗಟು ಎಂದರೆ ಯಂತ್ರ ಉದುರಿಸುವ ಸರಕು, ಅದಕ್ಕೆ ಕರ್ತೃ ಎಂಬುವವನು ಇರುವುದಿಲ್ಲ ಎಂಬ ಭಾವನೆ ನಮ್ಮಲ್ಲಿ ನೆಲೆಯೂರಿಬಿಟ್ಟಿತು. ಕಥೆಗೆ ಕಥೆಗಾರನ ಹೆಸರು ಕೇಳುತ್ತೇವೆ, ರಾಗಕ್ಕೆ ಹಾಡಿದವರ ಹೆಸರು ಕೇಳುತ್ತೇವೆ. ಒಗಟಿಗೆ ಮಾತ್ರ ಕೇಳುವುದಿಲ್ಲ.

ಕೇಳದಿದ್ದರೆ ಏನಾಗುತ್ತದೆಂದು ನನ್ನ ಅನುಭವದಿಂದಲೇ ಹೇಳುತ್ತೇನೆ. ಒಮ್ಮೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ದಪ್ಪನೆಯ ಸುಡೊಕು ಪುಸ್ತಕ ಕೊಂಡೆ. ನೂರಾರು ಒಗಟು, ಬಲು ಅಗ್ಗ. ಅದರಲ್ಲಿ ಒಂದು ಒಗಟು ಎರಡು ದಿನ ನನ್ನನ್ನು ಕಾಡಿತು. ಎಲ್ಲ ತುಂಬಿ ನಾಲ್ಕು ಮನೆ ಮಾತ್ರ ಉಳಿದಿದ್ದವು. ಎರಡು ಅಡ್ಡಸಾಲು, ಎರಡು ಕಂಬಸಾಲು ಕೂಡುವ ನಾಲ್ಕು ಮೂಲೆಗಳು, ಎರಡೇ ಚೌಕಗಳಲ್ಲಿ ಹಂಚಿಕೊಂಡಿದ್ದವು. ನಾಲ್ಕಕ್ಕೂ ಬರಬೇಕಾದದ್ದು 3 ಅಥವಾ 7. ಮೇಲೆ 3–7, ಕೆಳಗೆ 7–3 ಬರೆದರೂ ಸರಿ. ಮೇಲೆ 7–3, ಕೆಳಗೆ 3–7 ಬರೆದರೂ ಸರಿ. ಸಾಲು ತಪ್ಪುವುದಿಲ್ಲ, ಕಂಬ ತಪ್ಪುವುದಿಲ್ಲ, ಚೌಕ ತಪ್ಪುವುದಿಲ್ಲ. ಅಂದರೆ ಆ ಒಗಟಿಗೆ ಎರಡು ಉತ್ತರ. ಹಿಂದಿನ ಪುಟದಲ್ಲಿ ಅಚ್ಚಾಗಿದ್ದದ್ದು ಒಂದು. ಪರೀಕ್ಷೆಯಲ್ಲಿ ತಪ್ಪು ಪ್ರಶ್ನೆ ಕೊಟ್ಟು ಮಕ್ಕಳನ್ನು ಗೋಳಾಡಿಸಿದರೆ ಮೇಷ್ಟ್ರಿಗೆ ಹೇಗೆ ಸಂಕಟವಾಗಬೇಕೋ ಹಾಗೆ ನನಗೆ ಸಂಕಟವಾಯಿತು. ಆ ಪುಸ್ತಕವನ್ನು ಯಾರೂ ಒಮ್ಮೆಯೂ ಬಿಡಿಸಿ ನೋಡದೆ ಅಚ್ಚಿಗೆ ಕಳಿಸಿದ್ದರು. ಅದರ ಮೇಲೆ ರಚಿಸಿದವರ ಹೆಸರೂ ಇರಲಿಲ್ಲ.

ಆದ್ದರಿಂದ ಪುಸ್ತಕ ಕೊಳ್ಳುವಾಗ ಮೊದಲು ಹೆಸರು ಹುಡುಕಿ. ಕಟ್ಟಿದವರ ಹೆಸರಾಗಲಿ, ಸಂಪಾದಿಸಿದ ಬಳಗದ ಹೆಸರಾಗಲಿ ಇರಬೇಕು. ಆಮೇಲೆ ಮೊದಲ ಪುಟಗಳಲ್ಲಿ ನಿಯಮದ ಜೊತೆ ಒಂದು ಒಗಟನ್ನಾದರೂ ಹಂತಹಂತವಾಗಿ ಬಿಡಿಸಿ ತೋರಿಸಿದ್ದಾರೆಯೇ ನೋಡಿ. ತಲೆಕೆಳಗು ಮಾಡಿ ನೋಡುವ ಪರೀಕ್ಷೆಯನ್ನು ಹೇಳಿದೆನಲ್ಲ, ಅದನ್ನೂ ಮಾಡಿ. ಪ್ರೋಗ್ರಾಮೂ ಸಮಸಮ ನಕ್ಷೆ ಹಾಕಬಲ್ಲದು, ಹಾಗಾಗಿ ಅದೊಂದೇ ಸಾಕ್ಷಿ ಸಾಲದು. ಕಾಗದವನ್ನು ಬೆರಳಲ್ಲಿ ಮುಟ್ಟಿ ನೋಡಿ. ಜಪಾನಿನವರು ಇವುಗಳನ್ನು ಪೆನ್ಸಿಲ್ ಪಝಲ್ ಎಂದೇ ಕರೆಯುತ್ತಾರೆ. ನಾಲ್ಕು ಸಲ ರಬ್ಬರ್ ಉಜ್ಜಿದರೆ ತೂತು ಬೀಳುವ ಕಾಗದದ ಮೇಲೆ ಪೆನ್ಸಿಲ್ ಒಗಟು ಬಿಡಿಸಲಾಗದು.

ಇನ್ನು ಎಲ್ಲಿ ಸಿಗುತ್ತವೆ ಎಂಬ ಪ್ರಶ್ನೆ. ಇಂಗ್ಲಿಷ್ ಓದುವವರಿಗೆ ನಿಕೋಲಿ ಸಂಪಾದಕರೇ ಸಿದ್ಧಪಡಿಸಿದ 'ದಿ ಒರಿಜಿನಲ್ ಸುಡೊಕು' ಎಂಬ ಪುಸ್ತಕ ಇದೆ, 2005ರಲ್ಲಿ ಅಮೆರಿಕದಲ್ಲಿ ಬಂದದ್ದು. ಸುಡೊಕುವಿನಾಚೆ ಕಾಲಿಡುವವರಿಗೆ ನಾನು ಮೊದಲು ಹೇಳುವುದು ಬ್ರಿಟಿಷ್ ಲೇಖಕ ಅಲೆಕ್ಸ್ ಬೆಲ್ಲೋಸ್ ಅವರ 'ಪಝಲ್ ನಿಂಜಾ'. ಬಂದದ್ದು 2017ರಲ್ಲಿ. ಅವರು ಜಪಾನಿಗೆ ಹೋಗಿ ಒಗಟು ಕಟ್ಟುವವರನ್ನು ಕಂಡು ಮಾತಾಡಿ ಬರೆದಿದ್ದಾರೆ. ಒಗಟಿನ ಪಕ್ಕದಲ್ಲೇ ಅದನ್ನು ಕಟ್ಟಿದ ಮನುಷ್ಯ ಕಾಣುತ್ತಾನೆ. ಮೂರು ಸಲ ಸುಡೊಕು ವಿಶ್ವ ಚಾಂಪಿಯನ್ ಆದ ಅಮೆರಿಕದ ಥಾಮಸ್ ಸ್ನೈಡರ್ ಅವರ 'ದಿ ಆರ್ಟ್ ಆಫ್ ಸುಡೊಕು' ಕೂಡ ಕೈಯಿಂದ ಕಟ್ಟಿದ್ದು. ಬೆಂಗಳೂರಿನಲ್ಲಿರುವವರು ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಒಗಟಿನ ಪುಸ್ತಕ ಯಾವ ವಿಭಾಗದಲ್ಲಿ ಇಟ್ಟಿರುತ್ತಾರೆಂದು ಅಂಗಡಿಯವರಿಗೂ ಒಮ್ಮೊಮ್ಮೆ ತಿಳಿದಿರುವುದಿಲ್ಲ. ಗಣಿತದಲ್ಲೂ ಹುಡುಕಿ, ಆಟದಲ್ಲೂ ಹುಡುಕಿ, ಮಕ್ಕಳ ಪುಸ್ತಕದಲ್ಲೂ ಹುಡುಕಿ.

ಜಪಾನಿನಲ್ಲಿ ಮಕ್ಕಳೋ ನೆಂಟರೋ ಇದ್ದರೆ ನಿಕೋಲಿಯ ಮೂಲ ಪುಸ್ತಕಗಳನ್ನೇ ತರಿಸಿಕೊಳ್ಳಿ. ಒಂದೊಂದು ಪುಸ್ತಕದಲ್ಲೂ ಒಂದೇ ಬಗೆಯ ಒಗಟು, ಮುಖಪುಟದ ಮೇಲೆ ಸಂಪುಟದ ಸಂಖ್ಯೆ ಇರುತ್ತದೆ. ಭಾಷೆ ಬಾರದು ಎಂದು ಹೆದರಬೇಡಿ, ನಾನು ಹೇಗೆ ಕಲಿತೆ ಎಂದು ಹೇಳಿದೆನಲ್ಲ. ಒಗಟಿನ ಮಾದರಿಯ ಒಂದು ಚಿತ್ರ ಅವರ ಫೋನಿಗೆ ಕಳಿಸಿಬಿಟ್ಟರೆ ಸಾಕು, ಅಂಗಡಿಯವರಿಗೆ ತೋರಿಸುತ್ತಾರೆ. ಕಷ್ಟದ ಮಟ್ಟಕ್ಕೆ ನಿಕೋಲಿಯವರದೇ ಶ್ರೇಣಿ ಇದೆ. ಸುಲಭದ್ದು 'ರಾಕುರಾಕು', ಅಂದರೆ ಆರಾಮ. ಅಲ್ಲಿಂದ ಏರುತ್ತಾ ಹೋಗಿ ತುತ್ತತುದಿಯದು 'ಹಬನೆರೊ'. ಅದು ಬಾಯಿ ಉರಿಸುವ ಮೆಣಸಿನಕಾಯಿಯ ಹೆಸರು. ಬ್ಯಾಡಗಿ ಮೆಣಸಿನಕಾಯಿಗೆ ಒಗ್ಗಿದ ನಾಲಗೆ ಅದನ್ನು ತಡೆಯುವುದಿಲ್ಲ. ಆರಾಮದಿಂದಲೇ ಶುರು ಮಾಡಿ.

ಹುಡುಕುವವರಿಗೆ ನಿಜವಾದ ತೊಡಕು ಭಾಷೆಯಲ್ಲ, ಹೆಸರು. ಒಂದೇ ಒಗಟಿಗೆ ನಾಲ್ಕಾರು ಹೆಸರು. ಜಪಾನಿನಲ್ಲಿ ಸುಡೊಕು ಎಂಬುದು ನಿಕೋಲಿಯ ವ್ಯಾಪಾರ ಮುದ್ರೆ. ಹಾಗಾಗಿ ಅಲ್ಲಿಯ ಬೇರೆ ಪ್ರಕಾಶಕರು ಅದನ್ನೇ 'ನಾನ್‌ಪುರೆ' ಎಂದು ಮಾರುತ್ತಾರೆ. ಅಮೆರಿಕದ ಹಳೆ ಹೆಸರು ನಂಬರ್ ಪ್ಲೇಸ್ ಇದ್ದದ್ದನ್ನು ಮೊಟಕು ಮಾಡಿದ್ದು. ಹೊರದೇಶಗಳಲ್ಲಿ ಕಾಜಿ ಹಕ್ಕು ನೋಂದಾಯಿಸಲಿಲ್ಲ, ಅದಕ್ಕೇ ಸುಡೊಕು ಎಲ್ಲರದಾಯಿತು. ಸ್ಲಿದರ್‌ಲಿಂಕ್ ಕೆಲವು ಕಡೆ 'ಫೆನ್ಸಸ್', ಕೆಲವು ಕಡೆ 'ಲೂಪಿ'. ದ್ವೀಪಗಳಿಗೆ ಸೇತುವೆ ಕಟ್ಟುವ 'ಹಾಶಿವೊಕಾಕೆರೊ' ಎಂಬುದನ್ನು 'ಹಾಶಿ' ಎಂದೋ 'ಬ್ರಿಜಸ್' ಎಂದೋ ಹುಡುಕಬೇಕು. ಕೋಣೆಗಳಿಗೆ ದೀಪ ಇಡುವ 'ಅಕಾರಿ' ಇಂಗ್ಲಿಷಿನವರಿಗೆ 'ಲೈಟ್ ಅಪ್'. ಯೊಕೊಹಾಮಾದ ಗಣಿತದ ಮೇಷ್ಟ್ರು ತೆತ್ಸುಯಾ ಮಿಯಾಮೊಟೊ 2004ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ರಚಿಸಿದ 'ಕೆನ್‌ಕೆನ್' ಬೇರೆಯವರ ಕೈಯಲ್ಲಿ 'ಕ್ಯಾಲ್ಕುಡೊಕು' ಆಗಿದೆ. ಆ ಮೇಷ್ಟ್ರ ನಂಬಿಕೆ ನನಗೆ ಬಹಳ ಹಿಡಿಸಿದ್ದು: ತರಗತಿಯಲ್ಲಿ ತಾವು ವಿವರಿಸಬಾರದು, ಮಕ್ಕಳೇ ಎಡವಿ ಕಂಡುಕೊಳ್ಳಬೇಕು.

ಹೆಸರುಗಳ ಗೊಂದಲ ಅತಿ ಹೆಚ್ಚು ಇರುವುದು ಚಿತ್ರ ಮೂಡಿಸುವ ಒಗಟಿನಲ್ಲಿ. 1987ರಲ್ಲಿ ನಾನ್ ಇಶಿದಾ ಎಂಬ ಕಲಾವಿದೆ ಟೋಕಿಯೊದ ಒಂದು ಸ್ಪರ್ಧೆಯಲ್ಲಿ ಎತ್ತರದ ಕಟ್ಟಡದ ಕಿಟಕಿಗಳ ದೀಪವನ್ನು ಹೊತ್ತಿಸಿ, ಆರಿಸಿ ಚಿತ್ರ ಬಿಡಿಸಿ ಬಹುಮಾನ ಪಡೆದರು. ಹೊತ್ತಿದ ಕಿಟಕಿ ಕಪ್ಪು ಮನೆ, ಆರಿದ ಕಿಟಕಿ ಬಿಳಿ ಮನೆ ಎಂದುಕೊಂಡರೆ ಅದೇ ಒಗಟು. ಅದೇ ಹೊತ್ತಿಗೆ ತೆತ್ಸುಯಾ ನಿಶಿಯೊ ಎಂಬ ಇನ್ನೊಬ್ಬರು ಬೇರೆಯಾಗಿಯೇ ಅದೇ ಯೋಚನೆಗೆ ಬಂದಿದ್ದರು. ಬ್ರಿಟನ್ನಿನಲ್ಲಿ ಇಶಿದಾ ಅವರ ಹೆಸರು ಸೇರಿಸಿ 'ನಾನೊಗ್ರಾಮ್' ಎಂದು ಕರೆದರು. 1990ರಿಂದ ಅಲ್ಲಿಯ 'ಸಂಡೇ ಟೆಲಿಗ್ರಾಫ್' ಪತ್ರಿಕೆಯಲ್ಲಿ ಬಂತು. ಈಗ ಅದೇ ಒಗಟು ಪಿಕ್ರಾಸ್, ಹಾಂಜಿ, ಗ್ರಿಡ್ಲರ್ಸ್ ಎಂಬ ಹೆಸರುಗಳಲ್ಲೂ ಸಿಗುತ್ತದೆ. ಈ ಹೆಸರುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ.

ಕಕುರೊ ಎಂಬುದು ನನ್ನ ಮೊಮ್ಮಕ್ಕಳ ಮೆಚ್ಚಿನದು. ಅಂಕಿಗಳ ಪದಬಂಧ. ಒಂದು ಸಾಲಿನ ಮೊತ್ತ ಕೊಟ್ಟಿರುತ್ತಾರೆ. 1ರಿಂದ 9ರವರೆಗಿನ ಅಂಕಿಗಳಿಂದ ತುಂಬಬೇಕು, ಒಂದು ಸಾಲಿನಲ್ಲಿ ಒಂದು ಅಂಕಿ ಎರಡು ಸಲ ಬರಕೂಡದು. ಕಾಗದ ಇದೆಯಷ್ಟೆ? ನಾಲ್ಕು ಮನೆ ಹಾಕಿ, ಮೇಲೆ ಎರಡು, ಕೆಳಗೆ ಎರಡು. ಮೇಲಿನ ಅಡ್ಡಸಾಲಿನ ಮೊತ್ತ 4. ಎರಡು ಮನೆಯಲ್ಲಿ 4 ಬರಬೇಕಾದರೆ 2 ಮತ್ತು 2 ಆಗುವಂತಿಲ್ಲ, 1 ಮತ್ತು 3 ಮಾತ್ರ. ಎಡಗಡೆಯ ಕಂಬಸಾಲಿನ ಮೊತ್ತ 3, ಅಂದರೆ 1 ಮತ್ತು 2. ಆ ಸಾಲೂ ಈ ಕಂಬವೂ ಕೂಡುವ ಮನೆಯಲ್ಲಿ ಎರಡಕ್ಕೂ ಸಲ್ಲುವ ಅಂಕಿ ಯಾವುದು? 1. ಪಕ್ಕದಲ್ಲಿ 3, ಕೆಳಗೆ 2. ಕೆಳಗಿನ ಅಡ್ಡಸಾಲಿನ ಮೊತ್ತ 11 ಎಂದರೆ ಉಳಿದ ಮನೆಗೆ 9. ಬಲಗಡೆಯ ಕಂಬ ಕೂಡಿ ನೋಡಿ, 12 ಬರಬೇಕು.

ಜಾಲತಾಣಗಳ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಒಗಟಿನ ಆ್ಯಪ್‌ಗಳಿಗೆ ಬರವಿಲ್ಲ. ಆದರೆ ಒಂದು ಒಗಟಿಗೆ ಎರಡು ಜಾಹೀರಾತು, ಸುಳುಹು ಬೇಕಾದರೆ ಇನ್ನೊಂದು. ಅಂಥದ್ದರ ಬದಲು ಸೈಮನ್ ಟ್ಯಾಥಮ್ ಎಂಬ ಬ್ರಿಟಿಷ್ ಪ್ರೋಗ್ರಾಮರ್ ಉಚಿತವಾಗಿ ಕೊಟ್ಟಿರುವ 'ಪೋರ್ಟಬಲ್ ಪಝಲ್ ಕಲೆಕ್ಷನ್' ಹುಡುಕಿ. ನಲವತ್ತರಷ್ಟು ಬಗೆಯ ಒಗಟು, ಒಂದು ಜಾಹೀರಾತೂ ಇಲ್ಲ, ನೆಟ್ ಇಲ್ಲದ ಊರಲ್ಲೂ ನಡೆಯುತ್ತದೆ. ಸ್ಲಿದರ್‌ಲಿಂಕ್ ಅಲ್ಲಿ 'ಲೂಪಿ', ಹಿತೋರಿ ಅಲ್ಲಿ 'ಸಿಂಗಲ್ಸ್', ಮಶು ಅಲ್ಲಿ 'ಪರ್ಲ್'. ಇವೆಲ್ಲ ಯಂತ್ರ ಕಟ್ಟಿದ ಒಗಟುಗಳೇ. ಆದರೂ ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ, ಏಕೆಂದರೆ ನಿಯಮ ಕಲಿಯುವ ಹೊತ್ತಿನಲ್ಲಿ ಸಣ್ಣಸಣ್ಣ ಒಗಟು ನೂರು ಬೇಕಾಗುತ್ತದೆ. ಸಂಗೀತ ಕಲಿಯುವವರು ಸರಳೆ, ಜಂಟಿ ಸಾಧಕ ಮಾಡಿದ ಹಾಗೆ. ಕೃತಿ ಕೇಳುವುದಕ್ಕೆ ಆಮೇಲೆ ಬೇರೆ ಕಡೆ ಹೋಗಬೇಕು.

ಆ ಬೇರೆ ಕಡೆಗಳಲ್ಲಿ ಮೊದಲನೆಯದು ನಿಕೋಲಿಯ ಸ್ವಂತ ತಾಣ. ಒಂದೊಂದು ಬಗೆಗೂ ಇಂಗ್ಲಿಷಿನಲ್ಲಿ ನಿಯಮ, ಬಿಡಿಸಲು ಮಾದರಿ ಒಗಟುಗಳು ಇವೆ. ಥಾಮಸ್ ಸ್ನೈಡರ್ ನಡೆಸುವ 'ಗ್ರ್ಯಾಂಡ್‌ಮಾಸ್ಟರ್ ಪಝಲ್ಸ್' ತಾಣದಲ್ಲಿ ಪ್ರತಿ ಒಗಟಿಗೂ ಕಟ್ಟಿದವರ ಹೆಸರಿದೆ. ಕೆಲವು ತಿಂಗಳು ಬಿಡಿಸಿದರೆ ಹೆಸರು ನೋಡದೆಯೇ ಇದು ಇಂಥವರ ಕೈ ಎಂದು ಗುರುತಿಸುವಷ್ಟು ಪಳಗುತ್ತೀರಿ. ಆಸ್ಟ್ರಿಯಾದ 'ಯಾಂಕೊ' ಎಂಬ ತಾಣ ಜರ್ಮನ್ ಭಾಷೆಯದು, ಸಾವಿರಾರು ಒಗಟುಗಳ ಕಣಜ. ಕಲಿತವರು ಕಣ್ಣು ಮುಚ್ಚಿಕೊಂಡು ಹೋಗಬಹುದು. ಇನ್ನೊಂದರ ವಿಳಾಸ ಚಿಕ್ಕದು, ಬರೆದುಕೊಳ್ಳಿ: ಪಿ, ಯು, ಎರಡು ಝಡ್, ಡಾಟ್, ಎಲ್, ಐ, ಎನ್, ಕೆ. 'ಪಜ್ ಡಾಟ್ ಲಿಂಕ್'. ಇಲ್ಲಿ ಬಿಡಿಸಲೂಬಹುದು, ನೀವೇ ಕಟ್ಟಿ ಸ್ನೇಹಿತರಿಗೆ ಕಳಿಸಲೂಬಹುದು.

ನೋಡಿ ಕಲಿಯಬೇಕೆನ್ನುವವರಿಗೆ ಯೂಟ್ಯೂಬಿನಲ್ಲಿ 'ಕ್ರ್ಯಾಕಿಂಗ್ ದಿ ಕ್ರಿಪ್ಟಿಕ್' ಇದೆ. ಸೈಮನ್ ಆಂಟನಿ, ಮಾರ್ಕ್ ಗುಡ್‌ಲಿಫ್ ಎಂಬ ಇಬ್ಬರು ಇಂಗ್ಲಿಷರು ಒಗಟು ಬಿಡಿಸುತ್ತಾ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಹೋಗುತ್ತಾರೆ. ಸಾಮಾನ್ಯ ಸುಡೊಕುವಿಗೆ ಒಂದೇ ಉತ್ತರ ಬರಬೇಕಾದರೆ ಕನಿಷ್ಠ 17 ಅಂಕಿ ಕೊಟ್ಟಿರಲೇಬೇಕು, 16 ಸಾಲದು ಎಂದು ಡಬ್ಲಿನ್‌ನ ಗ್ಯಾರಿ ಮೆಕ್‌ಗ್ವೈರ್ ತಂಡ 2012ರಲ್ಲಿ ತೋರಿಸಿತ್ತು. ಆದರೆ 2020ರ ಮೇ ತಿಂಗಳಲ್ಲಿ ಸೈಮನ್ ಎದುರು ಬಂದ ಒಗಟಿನಲ್ಲಿ ಇದ್ದದ್ದು ಎರಡೇ ಅಂಕಿ. ಚದುರಂಗದ ಕುದುರೆಯ ನಡೆ, ರಾಜನ ನಡೆಯ ಅಳತೆಯಲ್ಲಿ ಒಂದೇ ಅಂಕಿ ಬರಬಾರದು ಎಂಬಂಥ ಹೆಚ್ಚಿನ ನಿಯಮಗಳಿದ್ದವು. ಮೊದಲು ಇದು ತಮಾಷೆಗೆ ಕಳಿಸಿದ್ದಿರಬೇಕು ಎಂದುಕೊಂಡ ಮನುಷ್ಯ, ಒಂದೊಂದೇ ಅಂಕಿ ತಾನಾಗಿ ಬಂದು ಕೂರುವುದನ್ನು ಕಂಡು ಹೇಗೆ ಮೂಕನಾಗುತ್ತಾನೆ ಎಂಬುದನ್ನು ನೀವು ನೋಡಬೇಕು. ಮಿಚೆಲ್ ಲೀ ಎಂಬವರು ಕಟ್ಟಿದ ಒಗಟು ಅದು.

ನಮ್ಮ ದೇಶದ್ದೇ ಆದ ವಿಳಾಸವೂ ಒಂದಿದೆ, 'ಲಾಜಿಕ್ ಮಾಸ್ಟರ್ಸ್ ಇಂಡಿಯಾ'. ಅವರು ವರ್ಷಾವರ್ಷ 'ಸುಡೊಕು ಮಹಾಭಾರತ್', 'ಪಝಲ್ ರಾಮಾಯಣ್' ಎಂಬ ಸ್ಪರ್ಧೆಗಳನ್ನು ನಡೆಸುತ್ತಾರೆ. ಮನೆಯಲ್ಲೇ ಕೂತು ಭಾಗವಹಿಸಬಹುದು. 2017ರ ಅಕ್ಟೋಬರ್‌ನಲ್ಲಿ ವಿಶ್ವ ಸುಡೊಕು ಚಾಂಪಿಯನ್‌ಷಿಪ್ ಮತ್ತು ವಿಶ್ವ ಪಝಲ್ ಚಾಂಪಿಯನ್‌ಷಿಪ್ ಎರಡೂ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ದೇಶದೇಶಗಳಿಂದ ಒಗಟು ಬಿಡಿಸುವವರು ಬಂದು ಹೋದರು. ಅಂಥ ಕೂಟವೊಂದು ನಮ್ಮ ಊರಿಗೆ ಬಂದಿತ್ತೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಾಯಿತು?

ಮಾಕಿ ಕಾಜಿ 2021ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಪತ್ರಿಕೆ ಈಗಲೂ ಬರುತ್ತಿದೆ, ಓದುಗರು ಈಗಲೂ ಒಗಟು ಕಟ್ಟಿ ಕಳಿಸುತ್ತಿದ್ದಾರೆ. ಕನ್ನಡದಲ್ಲಿ ಪದಬಂಧ ಕಟ್ಟುವವರು ನಮ್ಮಲ್ಲಿದ್ದಾರೆ, ವಾರವಾರ ಅದನ್ನು ತುಂಬಲು ಕಾಯುವವರೂ ಇದ್ದಾರೆ. ಈ ಪೆನ್ಸಿಲ್ ಒಗಟುಗಳಿಗೂ ಕನ್ನಡದಲ್ಲಿ ನಿಯಮ ಬರೆದು, ಕಟ್ಟಿದವರ ಹೆಸರು ಹಾಕಿ ಒಂದು ಪುಟ ಕೊಡಿ ಎಂದು ಪತ್ರಿಕೆಗಳ ಸಂಪಾದಕರನ್ನು ಕೈಮುಗಿದು ಕೇಳುತ್ತೇನೆ. ಶಾಲೆಯ ಮೇಷ್ಟ್ರುಗಳು, ಮೇಡಂಗಳು ಚೌಕುಳಿ ಹಾಳೆ ಹಂಚಿ ಮಕ್ಕಳ ಕೈಯಲ್ಲೇ ಒಂದೊಂದು ಒಗಟು ಕಟ್ಟಿಸಲಿ. ಬಿಡಿಸುವುದಕ್ಕಿಂತ ಕಟ್ಟುವುದರಲ್ಲಿ ಮಕ್ಕಳು ಹೆಚ್ಚು ಗಣಿತ ಕಲಿಯುತ್ತಾರೆ, ಇದನ್ನು ನಾನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಹೊರಡುವ ಮುಂಚೆ ನಾನು ಕಟ್ಟಿದ ಒಂದು ಪುಟ್ಟ ಕಕುರೊ ನಿಮಗೆ. ಮತ್ತೆ ನಾಲ್ಕು ಮನೆ ಹಾಕಿ, ಮೇಲೆ ಎರಡು, ಕೆಳಗೆ ಎರಡು. ಮೇಲಿನ ಅಡ್ಡಸಾಲು 17. ಕೆಳಗಿನ ಅಡ್ಡಸಾಲು 10. ಎಡಗಡೆಯ ಕಂಬ 16. ಬಲಗಡೆಯ ಕಂಬ 11. ಉತ್ತರ ಒಂದೇ ಒಂದು, ಬಿಡಿಸಿ ನೋಡಿಯೇ ತಂದಿದ್ದೇನೆ. ಪೆನ್ಸಿಲ್ ನಿಮ್ಮ ಕೈಯಲ್ಲಿದೆ.